ಡ್ರೋನ್‌ನಿಂದ ಮದ್ದು ಬಿಡುವ ಮುನ್ನ



ಅಡಿಕೆ ಮರ ಹತ್ತುವವರು ಸಿಗದ ಈ ಕಾಲದಲ್ಲಿ ಡ್ರೋನ್‌ನಿಂದ ಮದ್ದು ಬಿಡಲು ಹಲವರು ಮುಂದಾಗುತ್ತಿದ್ದಾರೆ. ಒಳ್ಳೆಯದೇ. ಆದರೆ ಮೇಲಿನಿಂದ ಬೀಳುವ ಮದ್ದಿಗೆ ಬೇಲಿಯಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದ ವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನಿನ ನೋವನ್ನು ಎಣ್ಮಕಜೆಯ ಪಡ್ರೆಯ ಮನೆಗಳು ಇಂದಿಗೂ ಉಣ್ಣುತ್ತಿವೆ. ಆದುದರಿಂದ ಈ ವಿಷಯಗಳು ನೆನಪಿರಲಿ:

1. 2021ರ ಡ್ರೋನ್ ನಿಯಮಗಳಂತೆ ಯಂತ್ರಕ್ಕೆ ನೋಂದಣಿ ಸಂಖ್ಯೆ ಮತ್ತು ವಿಮೆ, ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಇರಬೇಕು. ಬಾಡಿಗೆಗೆ ಕರೆಯುವಾಗ ಇವನ್ನು ಕೇಳಿ ನೋಡಿರಿ.

2. ಹಸಿರು ವಲಯದಲ್ಲಿ 400 ಅಡಿಯ ವರೆಗೆ ಪ್ರತ್ಯೇಕ ಅನುಮತಿ ಬೇಡ. ವಿಮಾನ ನಿಲ್ದಾಣದ ಸುತ್ತಲಿನ ಹಳದಿ, ಕೆಂಪು ವಲಯಗಳಲ್ಲಿ ಅನುಮತಿ ಬೇಕೇ ಬೇಕು.

3. ಹಾರಿಸುವ ಅನುಮತಿ ಮದ್ದು ಬಿಡುವ ಅನುಮತಿಯಲ್ಲ. ಯಾವ ಮದ್ದನ್ನು ಡ್ರೋನ್‌ನಿಂದ ಬಿಡಬಹುದೆಂದು ಮೊದಲು ಕೃಷಿಭವನದಲ್ಲಿ ವಿಚಾರಿಸಿರಿ.

4. ಮೇಲಿನಿಂದ ಕೀಟನಾಶಕ ಬಿಡುವುದಾದರೆ ಕನಿಷ್ಠ 24 ಗಂಟೆ ಮೊದಲು ಊರವರಿಗೆ ತಿಳಿಸಬೇಕೆಂದು ಕೀಟನಾಶಕ ನಿಯಮಗಳು ಹೇಳುತ್ತವೆ.

5. ಬಾವಿಗಳನ್ನು ಮುಚ್ಚಿರಿ. ಸುರಂಗ, ತೋಡುಗಳ ಹತ್ತಿರ ಮದ್ದು ಬಿಡಬೇಡಿ. ಮಕ್ಕಳನ್ನೂ ದನಕರುಗಳನ್ನೂ ದೂರವಿರಿಸಿರಿ. ಜೇನು ಸಾಕಿದವರಿಗೆ ತಿಳಿಸಿರಿ. ಗಾಳಿ ಎದ್ದರೆ ಕೆಲಸ ನಿಲ್ಲಿಸಿರಿ.

ನಮ್ಮ ತೋಟದ ರೋಗ ಹೋಗಬೇಕು, ನೆರೆಮನೆಗೆ ರೋಗ ಬರಬಾರದು.