ಬಿಳಿಯ ಮರಳು ಚಿತ್ರದಲ್ಲಿ ಬೂದುಬಣ್ಣ ತಾಳುವುದೇಕೆ?

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ವೈಟ್ ಸ್ಯಾಂಡ್ಸ್ ಮರುಭೂಮಿಯು 1933ರಲ್ಲಿ ರಾಷ್ಟ್ರೀಯ ಸ್ಮಾರಕವಾಗಿ, 2019ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿಯ ಮರಳು ಜಿಪ್ಸಮ್. ಬೆಟ್ಟಗಳಿಂದ ನೀರು ಕರಗಿಸಿ ತಂದ ಈ ಲವಣವು, ಹೊರಹರಿವಿಲ್ಲದ ತಗ್ಗಿನಲ್ಲಿ ನೀರು ಆವಿಯಾದಂತೆ ಹರಳುಗಟ್ಟುತ್ತದೆ. ಗಾಳಿ ಹರಳುಗಳನ್ನು ಪುಡಿಗೈದು ದಿಬ್ಬಗಳನ್ನು ಕಟ್ಟುತ್ತದೆ. ಅವುಗಳ ನಡುವೆ 8 ಮೈಲಿಯ ಮೋಟಾರು ದಾರಿಯೂ ಉಂಟು.

ಅಲ್ಲಿ ಕಾರು ನಿಲ್ಲಿಸಿ ಚಿತ್ರ ತೆಗೆದೆವೆನ್ನೋಣ. ಕಣ್ಣು ಕೋರೈಸುವ ಬಿಳುಪು ಮಂಕುಬೂದಿಯಂತೆ ಮೂಡುವುದು! ಕ್ಯಾಮೆರಾದ ಬೆಳಕುಮಾಪಕಕ್ಕೆ ಎದುರಿಗಿರುವುದು ಸುಣ್ಣವೋ ಇದ್ದಿಲೋ ತಿಳಿಯದು. ಯಾವ ದೃಶ್ಯವೇ ಆಗಲಿ, ಸರಾಸರಿಯಲ್ಲಿ ತನ್ನ ಮೇಲೆ ಬಿದ್ದ ಬೆಳಕಿನ ನೂರಕ್ಕೆ 12ರಿಂದ 18ರಷ್ಟನ್ನು ಪ್ರತಿಫಲಿಸುತ್ತದೆಂದು ಅದರ ಎಣಿಕೆ. ಜಿಪ್ಸಮ್ ಪ್ರತಿಫಲಿಸುವುದು ಅದರ ಹಲವು ಪಟ್ಟು. ಬಿಸಿಲೇ ಅತಿಯಾಯಿತೆಂದು ಬಗೆದು ಯಂತ್ರವು ಬೆಳಕನ್ನು ಮೊಟಕುಗೊಳಿಸುತ್ತದೆ. ಆದ್ದರಿಂದ ಮಾಪಕವು 1/500 ಸೆಕೆಂಡು ಎಂದರೆ ನಾವು 1/250 ಇಡಬೇಕು, 1/125ನ್ನೂ ಪರೀಕ್ಷಿಸಬಹುದು. ಅದಕ್ಕೂ ಮೀರಿದರೆ ಮರಳಿನ ಅಲೆಗಳ ಗೆರೆಗಳೇ ಅಳಿಸಿಹೋಗುವ ಭಯವಿದೆ.

ನಡುಹಗಲಿನಲ್ಲಿ ಈ ಉಪಾಯವೂ ಸಾಲದು. ನೆತ್ತಿಯ ಬಿಸಿಲಿನಲ್ಲಿ ಅಲೆಗಳಿಗೆ ನೆರಳಿಲ್ಲ. ದಿಬ್ಬಗಳು ಹಾಸಿದ ಬಟ್ಟೆಯಂತೆ ಚಪ್ಪಟೆಯಾಗಿ ಕಾಣುತ್ತವೆ. ಸೂರ್ಯನು ದಿಗಂತದಿಂದ 10 ಡಿಗ್ರಿಯಷ್ಟೇ ಮೇಲಿರುವಾಗಲಾದರೋ, ಒಂದು ಅಂಗುಲ ಎತ್ತರದ ಏಣು ಐದೂವರೆ ಅಂಗುಲಕ್ಕೂ ಮಿಕ್ಕ ನೆರಳನ್ನು ಚೆಲ್ಲುತ್ತದೆ.