ತೋಟ ನೋಡಲು ಪುಟ್ಟ ಡ್ರೋನ್: ಮನೆಯಲ್ಲೇ ಗಟ್ಟಿಯಾಗಿ ಕಟ್ಟುವ ಕ್ರಮ

ಅಡಿಕೆ ಮರದ ತಲೆಯಲ್ಲಿ ಏನು ನಡೆದಿದೆ ಎಂಬುದು ನೆಲದ ಮೇಲೆ ನಿಂತವರಿಗೆ ಸರಿಯಾಗಿ ಕಾಣುವುದಿಲ್ಲ. ಕಾಯಿ ಉದುರಿದ ಮೇಲೆ ಕೊಳೆ ತಿಳಿಯುತ್ತದೆ. ಎಲೆಚುಕ್ಕೆ ಹತ್ತಿದ ಸೋಗೆ ಕೆಳಗೆ ಬಿದ್ದ ಮೇಲೆ ರೋಗ ತಿಳಿಯುತ್ತದೆ. ಮರ ಹತ್ತಿ ನೋಡೋಣವೆಂದರೆ ಕೊನೆಗಾರರು ಸಿಗುವುದು ಕಷ್ಟ. ಹೀಗಿರುವಾಗ ಕ್ಯಾಮೆರಾ ಹೊತ್ತ ಸಣ್ಣ ಡ್ರೋನನ್ನು ಮನೆಯಲ್ಲೇ ಕಟ್ಟಿ, ಅದು ಕಾಣುವುದನ್ನು ಗಾಗಲ್‌ನಲ್ಲಿ ನೋಡುತ್ತಾ ಹಾರಿಸುವ ವಿಧಾನ ಬೆಳೆಗಾರರಿಗೆ ಉಪಯೋಗವಾದೀತು. ಇದನ್ನು ಎಫ್‌ಪಿವಿ ಎನ್ನುತ್ತಾರೆ. ಬೆಸುಗೆ ಹಾಕಲು ಬಲ್ಲ ಯುವಕ ಯುವತಿಯರು ಮನೆಯಲ್ಲಿದ್ದರೆ ಇದು ಅಸಾಧ್ಯದ ಕೆಲಸವಲ್ಲ.

ಆದರೆ ಒಂದು ಮಾತನ್ನು ಮೊದಲೇ ತಿಳಿಸಬಯಸುತ್ತೇವೆ. ತೋಟದಲ್ಲಿ ಡ್ರೋನ್ ಬಿದ್ದೇ ಬೀಳುತ್ತದೆ. ಆದ್ದರಿಂದ ಹಾರುವಂತೆ ಕಟ್ಟಿದರೆ ಸಾಲದು, ಬಿದ್ದು ಉಳಿಯುವಂತೆ ಕಟ್ಟಬೇಕು.

ಹಗುರವೇ ಗಟ್ಟಿ

ಭಾರವಾದದ್ದು ಗಟ್ಟಿ ಎಂಬ ಎಣಿಕೆ ಇಲ್ಲಿ ನಡೆಯದು. ತೂಕ ಎರಡರಷ್ಟಾದರೆ ಬಿದ್ದಾಗಿನ ಪೆಟ್ಟಿನ ಶಕ್ತಿ ಎರಡರಷ್ಟಾಗುತ್ತದೆ. ವೇಗ ಎರಡರಷ್ಟಾದರೆ ನಾಲ್ಕರಷ್ಟಾಗುತ್ತದೆ. ಬ್ಯಾಟರಿ ಸೇರಿ ಒಟ್ಟು ತೂಕ 250 ಗ್ರಾಂ ಒಳಗಿರಲಿ. 2021ರ ಡ್ರೋನ್ ನಿಯಮಗಳಲ್ಲಿ ಈ ತೂಕದವರೆಗಿನದು ನ್ಯಾನೋ ವರ್ಗ. ಅದಕ್ಕೆ ಪೈಲಟ್ ಪ್ರಮಾಣಪತ್ರದ ಅಗತ್ಯವಿಲ್ಲ. ಆದರೂ ತಮ್ಮ ತೋಟ ಹಸಿರು ವಲಯದಲ್ಲಿದೆಯೇ ಎಂಬುದನ್ನು ಸರಕಾರದ ವಾಯುಪ್ರದೇಶ ನಕ್ಷೆಯಲ್ಲಿಯೂ, ನೋಂದಣಿಯ ನಿಯಮವನ್ನೂ ನೋಡಿಕೊಂಡೇ ಹಾರಿಸತಕ್ಕದ್ದು.

ಬೇಕಾಗುವ ಸಾಮಗ್ರಿ

3 ಇಂಚಿನ ಪ್ರೊಪೆಲ್ಲರ್‌ಗಳಿಗೆ ಹೊಂದುವ ಕಾರ್ಬನ್ ಫೈಬರ್ ಚೌಕಟ್ಟು ಒಂದು, 1404 ಅಳತೆಯ ಮೋಟಾರು ನಾಲ್ಕು, ಹಾರಾಟ ನಿಯಂತ್ರಕ ಮತ್ತು ಮೋಟಾರು ನಿಯಂತ್ರಕಗಳು ಒಂದೇ ಹಲಗೆಯಲ್ಲಿರುವ ಬೋರ್ಡು, ಸಣ್ಣ ಕ್ಯಾಮೆರಾ, ವಿಡಿಯೋ ಪ್ರಸಾರಕ, ರಿಸೀವರ್, ನಾಲ್ಕು ಸೆಲ್ಲಿನ 650 ಎಂಎಎಚ್ ಲಿಥಿಯಂ ಪಾಲಿಮರ್ ಬ್ಯಾಟರಿ. ಇದರೊಂದಿಗೆ ಕೈಯಲ್ಲಿ ಹಿಡಿಯುವ ರಿಮೋಟು ಮತ್ತು ಗಾಗಲ್ ಬೇಕು. ಮೆಲ್ಲಗೆ ಹಾರಿಸಿದರೆ ಒಂದು ಬ್ಯಾಟರಿ ಸುಮಾರು ನಾಲ್ಕೈದು ನಿಮಿಷ ಬರುತ್ತದೆ.

ಚೌಕಟ್ಟಿನ ನಾಲ್ಕು ತೋಳುಗಳನ್ನೂ ಬೇರೆ ಬೇರೆಯಾಗಿ ಬಿಚ್ಚಿ ಬದಲಿಸುವಂತಿರಲಿ. ಒಂದು ತೋಳು ಮುರಿದರೆ ಅದಷ್ಟನ್ನೇ ಕೊಂಡರೆ ಸಾಕು. ತೋಳಿನ ದಪ್ಪ 3 ಮಿ.ಮೀ.ಗೆ ಕಡಿಮೆ ಇರಕೂಡದು. ಕ್ಯಾಮೆರಾದ ಮೂತಿ ಚೌಕಟ್ಟಿನಿಂದ ಹೊರಗೆ ಚಾಚಿರಬಾರದು.

ಜೋಡಿಸುವ ಕ್ರಮ

ಕೊನೆ ಕೊಯ್ಯುವ ದೋಟಿಯಿಂದ ಕಾರ್ಬನ್ ಫೈಬರ್ ನಮಗೆ ಪರಿಚಿತ. ಅದರಲ್ಲಿ ವಿದ್ಯುತ್ ಹರಿಯುತ್ತದೆ. ದೋಟಿಯನ್ನು ಕರೆಂಟಿನ ತಂತಿಯಿಂದ ದೂರವಿಡುವುದು ಇದಕ್ಕಾಗಿಯೇ. ಡ್ರೋನಿನಲ್ಲಿಯೂ ಬೋರ್ಡು ಚೌಕಟ್ಟಿಗೆ ತಾಗದಂತೆ ರಬ್ಬರ್ ಬುಷ್‌ಗಳ ಮೇಲೆ ಕೂರಿಸಬೇಕು. ಮೋಟಾರಿನ ಸ್ಕ್ರೂ ಉದ್ದವಾಗಿ ಒಳಗಿನ ತಾಮ್ರದ ಸುರುಳಿಗೆ ತಗುಲಿದರೆ ಮೋಟಾರು ಸುಡುತ್ತದೆ. ಸ್ಕ್ರೂ ಹಾಕಿ ಇಣುಕಿ ನೋಡಿ. ಸ್ಕ್ರೂ ಸಡಿಲವಾಗದಂತೆ ಒಂದು ತೊಟ್ಟು ಥ್ರೆಡ್ ಲಾಕರ್ ಹಚ್ಚುವುದು ಉತ್ತಮ.

ಬ್ಯಾಟರಿ ತಂತಿಗಳ ಬುಡಕ್ಕೆ 35 ವೋಲ್ಟಿನ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆಯಿರಿ. ಮೋಟಾರುಗಳಿಂದ ಏಳುವ ವೋಲ್ಟೇಜಿನ ಹೊಡೆತವನ್ನು ಅದು ತಡೆದುಕೊಳ್ಳುತ್ತದೆ. ಆಂಟೆನಾ ಚೌಕಟ್ಟಿನ ಮರೆಯಲ್ಲಿರದೆ ಹೊರಗೆ ನೆಟ್ಟಗಿರಲಿ. ಆಂಟೆನಾ ಸಿಕ್ಕಿಸದೆ ವಿಡಿಯೋ ಪ್ರಸಾರಕಕ್ಕೆ ಕರೆಂಟು ಕೊಟ್ಟರೆ ಅದು ಸುಟ್ಟು ಹೋಗಬಹುದು.

ಮೊದಲ ಸಲ ಬ್ಯಾಟರಿಯನ್ನು ನೇರವಾಗಿ ಸಿಕ್ಕಿಸಕೂಡದು. ಲಾರಿಯ 24 ವೋಲ್ಟಿನ ಇಂಡಿಕೇಟರ್ ಬಲ್ಬನ್ನು ಒಂದು ತಂತಿಯ ನಡುವೆ ಜೋಡಿಸಿ ಪರೀಕ್ಷಿಸಿ. ಬಲ್ಬು ಜೋರಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಆಗಿದೆ ಎಂದು ತಿಳಿಯಬೇಕು. ಸಾವಿರಾರು ರೂಪಾಯಿಯ ಬೋರ್ಡನ್ನು ಒಂದು ಬಲ್ಬು ಉಳಿಸುತ್ತದೆ.

ಬೀಟಾಫ್ಲೈಟ್ ಎಂಬ ಉಚಿತ ತಂತ್ರಾಂಶದಲ್ಲಿ ಮೋಟಾರುಗಳು ತಿರುಗುವ ದಿಕ್ಕನ್ನು ಹೊಂದಿಸಬಹುದು. ಮೂಲೆಯಿಂದ ಮೂಲೆಗೆ ಎದುರಾಗಿರುವ ಎರಡು ಒಂದೇ ದಿಕ್ಕಿಗೆ, ಉಳಿದೆರಡು ಅದರ ವಿರುದ್ಧ ದಿಕ್ಕಿಗೆ ತಿರುಗಬೇಕು. ಈ ಕೆಲಸವೆಲ್ಲ ಪ್ರೊಪೆಲ್ಲರ್ ಬಿಚ್ಚಿಟ್ಟೇ ನಡೆಯತಕ್ಕದ್ದು. ಮೇಜಿನ ಮೇಲೆ ಹಠಾತ್ತಾಗಿ ತಿರುಗಿದ ಪ್ರೊಪೆಲ್ಲರ್ ಬೆರಳನ್ನು ಸೀಳುತ್ತದೆ. ಹಾಗೆಯೇ ರಿಮೋಟನ್ನು ಆರಿಸಿ, ಸಂಪರ್ಕ ಕಡಿದೊಡನೆ ಮೋಟಾರುಗಳು ನಿಲ್ಲುತ್ತವೆಯೇ ಎಂದು ಪರೀಕ್ಷಿಸಿಕೊಳ್ಳಿ.

ನಮ್ಮ ಹವೆಗೆ ತಕ್ಕಂತೆ

ಬೋರ್ಡಿಗೆ ತೇವ ತಡೆಯುವ ಸಿಲಿಕೋನ್ ಲೇಪ ಹಚ್ಚಿರಿ. ಯುಎಸ್‌ಬಿ ಕಿಂಡಿ ಮತ್ತು ಗುಂಡಿಗಳಿಗೆ ಲೇಪ ತಾಗಬಾರದು. ಬೋರ್ಡೋ ದ್ರಾವಣ ಸಿಂಪಡಿಸುವಾಗ, ಅದು ಒಣಗುವ ಮೊದಲು, ಹಾರಿಸುವುದು ಬೇಡ. ಮೈಲುತುತ್ತದ ನೀರು ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗುವುದಲ್ಲದೆ ಲೋಹವನ್ನೂ ತಿನ್ನುತ್ತದೆ.

5.8 ಗಿಗಾಹರ್ಟ್ಸ್‌ನ ವಿಡಿಯೋ ಅಲೆಗಳನ್ನು ಒದ್ದೆ ಎಲೆಗಳು ಹೀರಿಬಿಡುತ್ತವೆ. ಆದ್ದರಿಂದ ಮಳೆ ಬಿಟ್ಟು ಎಲೆ ಒಣಗಿದ ಮೇಲೆ, ತೋಟದ ಅಂಚಿನ ಎತ್ತರದ ಬಯಲಲ್ಲಿ ನಿಂತು, ಮರಗಳ ಸಾಲಿನ ಮೇಲಿನಿಂದ ಹಾರಿಸಿರಿ. ಕಾಫಿ ತೋಟದಲ್ಲಿ ನೆರಳು ಮರಗಳ ಕೊಂಬೆಗಳ ನಡುವೆ ನುಗ್ಗಿಸುವ ಸಾಹಸ ಬೇಡ. ಗಾಗಲ್ ಹಾಕಿದವರಿಗೆ ಸುತ್ತಲಿನದು ಕಾಣುವುದಿಲ್ಲ. ಡ್ರೋನನ್ನು ಬರಿಗಣ್ಣಿನಿಂದ ನೋಡುತ್ತಾ ಎಚ್ಚರಿಸಲು ಇನ್ನೊಬ್ಬರು ಪಕ್ಕದಲ್ಲಿ ಇರಲೇಬೇಕು. ಕೆಲಸದಾಳುಗಳ ತಲೆಯ ಮೇಲೆ ಹಾರಿಸಕೂಡದು.

ಬ್ಯಾಟರಿಯ ಬೆಂಕಿ

ಎಲ್ಲಕ್ಕಿಂತ ದೊಡ್ಡ ಅಪಾಯ ಇಲ್ಲಿದೆ. ಬ್ಯಾಟರಿಯ ಒಂದು ಸೆಲ್ 4.2 ವೋಲ್ಟ್ ಮೀರಿ ತುಂಬಬಾರದು, 3.5 ವೋಲ್ಟಿಗೆ ಬಂದೊಡನೆ ಇಳಿಸಬೇಕು. ನಾಲ್ಕಾರು ದಿನ ಹಾರಿಸುವುದಿಲ್ಲವೆಂದರೆ 3.8 ವೋಲ್ಟಿನಲ್ಲಿಡಿ. ಉಬ್ಬಿದ ಅಥವಾ ಜಜ್ಜಿದ ಬ್ಯಾಟರಿಯನ್ನು ಚಾರ್ಜ್ ಮಾಡಲೇಕೂಡದು. ಸೋಗೆ, ಗೋಣಿಚೀಲ, ಒಣ ಅಡಿಕೆ ಇರುವ ಅಟ್ಟದಲ್ಲಾಗಲಿ ಕಾಫಿ ಗೋದಾಮಿನಲ್ಲಾಗಲಿ ಚಾರ್ಜಿಗೆ ಇಡಬೇಡಿ. ಹೊರಗಿನ ಸಿಮೆಂಟು ನೆಲದ ಮೇಲೆ, ಪಕ್ಕದಲ್ಲಿ ಒಂದು ಬಕೆಟ್ ಮರಳಿಟ್ಟು, ಎದುರು ಕುಳಿತೇ ಚಾರ್ಜ್ ಮಾಡಿರಿ. ಒಂದು ವರ್ಷದ ಬೆಳೆ ಒಂದು ಬ್ಯಾಟರಿಯಿಂದ ಬೂದಿಯಾಗಬಾರದು.

ಕೊನೆಯದಾಗಿ, ಈ ಡ್ರೋನ್ ತೋರಿಸುತ್ತದೆಯೇ ಹೊರತು ರೋಗವನ್ನು ನಿರ್ಣಯಿಸುವುದಿಲ್ಲ, ಔಷಧಿಯನ್ನೂ ಹೊರಲಾರದು. ಸೋಗೆ ಹಳದಿಯಾದ ಮರ ಕಂಡರೆ ಸಾಲು ಎಣಿಸಿ ಮರಕ್ಕೆ ಗುರುತು ಹಾಕಿ, ಸೋಗೆಯನ್ನೋ ಕಾಯಿಯನ್ನೋ ಇಳಿಸಿ ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಸಿಂಪಡಣೆಯ ಯೋಚನೆ ಮಾಡಬೇಕು. ಕೊನೆಗಾರರ ಕೆಲಸ ಇದರಿಂದ ತಪ್ಪುವುದಿಲ್ಲ. ಯಾವ ಮರ ಹತ್ತಬೇಕೆಂಬುದು ಮೊದಲೇ ತಿಳಿದು ಅವರ ಶ್ರಮವೂ ನಮ್ಮ ಖರ್ಚೂ ಉಳಿದರೆ, ಕಟ್ಟಿದ್ದು ಸಾರ್ಥಕ.