ದೀಪಾವಳಿ ಬಿಡು, ಸಂಕ್ರಾಂತಿಗೆ ಮಾಡು

ತಂಗಿ, ಹಿತ್ತಲ ಹೂಗಳನ್ನು ಒಣಗಿಸಿ, ಗಾಜಿನ ಬಾಟಲಿಗಳಿಗೆ ಅಂಟಿಸಿ, ಈ ದೀಪಾವಳಿಗೆ ಬೆಳಗಾವಿಯ ನೆಂಟರಿಗೆಲ್ಲ ಹಂಚಬೇಕೆಂದಿದ್ದೀಯಂತೆ. ಬಹಳ ಚೊಲೊ. ಆದರೆ ನನ್ನದೊಂದು ಮಾತು ಕೇಳು: ದೀಪಾವಳಿ ಬಿಡು, ಸಂಕ್ರಾಂತಿಗೆ ಮಾಡು.

ಯಾಕಂದರೆ ಈ ಕೆಲಸದಲ್ಲಿ ಕೈಚಳಕಕ್ಕಿಂತ ಪಸೆಯ ಲೆಕ್ಕ ದೊಡ್ಡದು. ನೀನಿರುವುದು ಖಾನಾಪುರದಲ್ಲಿ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ ಕಡೆಯ ಮಳೆ ಬೆಳಗಾವಿ ಊರೊಳಗಿನ ಮಳೆಯಂತಲ್ಲ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ದಾಟುವವರೆಗೆ ಗೋಡೆಯೂ ಆರುವುದಿಲ್ಲ. ಆ ಹವೆಯಲ್ಲಿ ಕಾಗದದ ನಡುವೆ ಇಟ್ಟ ಹೂವಿಗೆ ಬೂಷ್ಟು ಹಿಡಿಯುತ್ತದೆ. ಚಳಿ ಬಿದ್ದಮೇಲೆ ಒಣಗಾಳಿಯೇ ನಿನ್ನ ಅರ್ಧ ಕೆಲಸ ಮಾಡಿಕೊಡುತ್ತದೆ. ನಿಮ್ಮೂರ ಕುಂಬಾರರು ಹಸಿ ಗಡಿಗೆಯನ್ನು ನೆರಳಲ್ಲಿ ಪೂರ್ತಿ ಆರಿಸದೆ ಆವಿಗೆಗೆ ಹಾಕುತ್ತಾರೇನು? ಹೂವಿಗೂ ಅದೇ ತಾಳ್ಮೆ ಬೇಕು.

ತೆಳು ಎಸಳಿನ ಹೂಗಳನ್ನೇ ಆರಿಸು. ಬೇಲಿಯ ಮೇಲಿನ ಕಾಗದದ ಹೂವು ಎಲ್ಲಕ್ಕಿಂತ ಸಲೀಸು. ಬಣ್ಣವನ್ನೂ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಅಬ್ಬಲಿಗೆ, ಜರೀಗಿಡದ ಎಲೆಯೂ ಆಗುತ್ತವೆ. ಸೇವಂತಿಗೆ, ಚೆಂಡುಹೂವಾದರೆ ಎಸಳು ಬಿಡಿಸಿಕೋ. ಇಡೀ ಹೂವು ಒತ್ತಿದರೆ ಒಳಗೇ ಕೊಳೆಯುತ್ತದೆ. ಮಲ್ಲಿಗೆಯ ಆಸೆ ಬೇಡ, ಕಂದಾಗಿಬಿಡುತ್ತದೆ. ಇನ್ನು, ಕಾಡಿನ ಹೂವು ಚೆಂದವೆಂದು ಭೀಮಗಡದ ಕಡೆ ಕೈಚಾಚಬೇಡ. ಅದು 2011ರಿಂದ ವನ್ಯಜೀವಿಧಾಮ. ಅಲ್ಲಿ ಹೂವು ಕೀಳುವಂತಿಲ್ಲ. ಹಿತ್ತಲಲ್ಲಿ ಇರುವುದೇ ಸಾಕು.

ಇಬ್ಬನಿ ಆರಿದಮೇಲೆ ಕಿತ್ತು ತಂದ ಹೂವನ್ನು ಎರಡು ಬಿಳಿ ಹಾಳೆಗಳ ನಡುವೆ ಮಲಗಿಸು. ಮೇಲೆ ಕೆಳಗೆ ರದ್ದಿ ಪೇಪರ್ ಒಟ್ಟಿ, ಹಲಗೆಯಿಟ್ಟು, ನಾಲ್ಕು ಇಟ್ಟಿಗೆ ಹೇರು. ಮೊದಲ ಮೂರು ದಿನ ರದ್ದಿಯನ್ನು ದಿನವೂ ಬದಲಿಸಲೇಬೇಕು, ಹೂವಿನ ನೀರೆಲ್ಲ ಕುಡಿಯುವುದು ಅದೇ. ಎರಡು-ಮೂರು ವಾರವಾದಮೇಲೆ ಒಂದು ಎಸಳನ್ನು ಕೆನ್ನೆಗೆ ತಾಗಿಸು. ತಣ್ಣಗೆನಿಸಿದರೆ ಇನ್ನೂ ಪಸೆಯಿದೆ, ಮತ್ತೆ ಇಟ್ಟಿಗೆಯಡಿಗೆ ಇಡು. ಬೆಳಗಾವಿಯ ನೆಹರೂನಗರದಲ್ಲಿ ಐಸಿಎಂಆರ್‌ನ ಸಾಂಪ್ರದಾಯಿಕ ಔಷಧ ಸಂಸ್ಥೆಯಿದೆಯಲ್ಲ, ಅಂಥ ಕಡೆ ಔಷಧಿ ಗಿಡಗಳನ್ನು ಹೀಗೇ ಒತ್ತಿ, ಹಾಳೆಗಂಟಿಸಿ, ಊರು-ತಾರೀಕು ಬರೆದಿಡುತ್ತಾರೆ. ನೀನೂ ಹಾಳೆಯ ಮೇಲೆ ತಾರೀಕು ಬರೆ. ಯಾವ ಹೂವು ಎಷ್ಟು ದಿನಕ್ಕೆ ಆರಿತೆಂದು ಮುಂದಿನ ವರ್ಷ ಯಾರನ್ನೂ ಕೇಳಬೇಕಾಗುವುದಿಲ್ಲ.

ಬಾಟಲಿಗೆ ದುಡ್ಡು ಹಾಕಬೇಡ. ಜೇನಿನದು, ಉಪ್ಪಿನಕಾಯಿಯದು ಮನೆಯಲ್ಲೇ ಇರುತ್ತವೆ. ಬಿಸಿನೀರಲ್ಲಿ ನೆನೆಸಿ ಲೇಬಲ್ ತೆಗೆ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಉಜ್ಜು. ಆಮೇಲೆ ಸೋಪು ಹಚ್ಚಿ ತೊಳೆ, ಜಿಡ್ಡಿನ ಮೇಲೆ ಏನೂ ನಿಲ್ಲುವುದಿಲ್ಲ. ಎರಡು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಬೆರೆಸಿ ಗಾಜಿಗೆ ತೆಳ್ಳಗೆ ಹಚ್ಚು. ಎಸಳನ್ನು ಚಿಮಟದಲ್ಲಿ ಎತ್ತಿ ಇಟ್ಟು, ಮೆತ್ತನೆ ಬ್ರಷ್ಷಿನಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಗಾಳಿಗುಳ್ಳೆ ಹೊರಡಿಸು. ಮೇಲೊಂದು ಕೈ ಅದೇ ಅಂಟು. ಹಾಲುಬಣ್ಣ ಹೋಗಿ ಗಾಜು ತಿಳಿಯಾಗುವ ತನಕ ವಾರ್ನಿಷ್ ಡಬ್ಬಿ ತೆಗೆಯಲೇಬೇಡ. ಒಳಗೆ ಪಸೆ ಸಿಕ್ಕಿಕೊಂಡರೆ ಎಸಳು ಕಪ್ಪಿಡುತ್ತದೆ. ಮುಚ್ಚಳ ತಿರುಗುವ ಜಾಗ ಬಿಡು. ಬಾಟಲಿಯ ತುಂಬ ಹೂವು ಮೆತ್ತಬೇಡ, ಒಳಗಿನದು ಕಾಣಬೇಕು.

ಒಳಗೆ ಏನೆಂದೆಯಾ? ಕುಸುರೆಳ್ಳು! ಸಂಕ್ರಾಂತಿ ದಿನ ಎಳ್ಳು ಕೊಟ್ಟು ಒಳ್ಳೆಯ ಮಾತಾಡುವ ನಮ್ಮ ಕಡೆಯ ಮಂದಿಗೆ ಇದಕ್ಕಿಂತ ಉಡುಗೊರೆ ಬೇಕೆ? ಕೊಡುವಾಗ ಎರಡು ಮಾತು ಹೇಳಿಕೊಡು: ಇದನ್ನು ತೊಳೆಯಬಾರದು, ಒಣಬಟ್ಟೆಯಲ್ಲಿ ಒರೆಸಬೇಕು, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬಾರದು, ಬಣ್ಣ ಹಾರುತ್ತದೆ. ಒಳಗೆ ಮೇಣದಬತ್ತಿ ಹಚ್ಚುವುದಂತೂ ಬೇಡವೇ ಬೇಡ.

ಈಗ ಮಳೆಗಾಲದಲ್ಲಿ ಬಾಟಲಿ ಕೂಡಿಹಾಕು, ಲೇಬಲ್ ಬಿಡಿಸು. ದೀಪಾವಳಿ ಮುಗಿದ ಮರುವಾರ ಹೂವು ಒತ್ತಲು ಕೂಡು. ಡಿಸೆಂಬರ್ ಅಂಟಿಸುವುದಕ್ಕೆ. ಅವಸರವಿಲ್ಲದೆ ಸಂಕ್ರಾಂತಿಗೆ ಮುಟ್ಟುತ್ತೀಯ.